ಆಸ್ಪತ್ರೆಯಲ್ಲಿ ಮುಕ್ತ ತಂತ್ರಾಂಶದ ಅಳವಡಿಕೆ: ಎಲ್ಲಿಂದ ಆರಂಭಿಸಬೇಕು?

ಪರವಾನಗಿ ಶುಲ್ಕವಿಲ್ಲ ಎಂಬ ಒಂದೇ ಕಾರಣಕ್ಕೆ ಮುಕ್ತ ತಂತ್ರಾಂಶವನ್ನು, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಿ ಬದಲಿಸಿಕೊಳ್ಳಬಹುದಾದ ತಂತ್ರಾಂಶವನ್ನು, ಆರಿಸಿಕೊಳ್ಳುವ ಆಸ್ಪತ್ರೆಗೆ ನಿರಾಶೆ ಕಾದಿರುತ್ತದೆ. ಸರ್ವರ್, ತರಬೇತಿ, ನಿರ್ವಹಣೆ ಎಲ್ಲಕ್ಕೂ ಹಣ ಬೇಕು. ನಿಜವಾದ ಲಾಭವೆಂದರೆ ರೋಗಿಗಳ ದಾಖಲೆಗಳು ಯಾವುದೋ ಕಂಪನಿಯ ಗುಟ್ಟಿನ ರೂಪದಲ್ಲಿ ಸಿಕ್ಕಿಕೊಳ್ಳದೆ ಆಸ್ಪತ್ರೆಯ ಹಿಡಿತದಲ್ಲೇ ಉಳಿಯುವುದು.

ಮೊದಲು, ನೋಂದಣಿಯಿಂದ ಬಿಡುಗಡೆಯವರೆಗೆ ಯಾವ ಮಾಹಿತಿಯನ್ನು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ ಎಂಬುದನ್ನು ಕಾಗದದ ಮೇಲೆ ಗುರುತಿಸಿಕೊಳ್ಳಬೇಕು. ಈ ಚರ್ಚೆಯಲ್ಲಿ ದಾದಿಯರೂ ಪ್ರಯೋಗಾಲಯದ ಸಿಬ್ಬಂದಿಯೂ ಇರಲೇಬೇಕು, ಏಕೆಂದರೆ ದಿನವಿಡೀ ತಂತ್ರಾಂಶವನ್ನು ಬಳಸುವವರು ಅವರೇ.

ಆಮೇಲಿನದು ತಂತ್ರಾಂಶದ ಆಯ್ಕೆ. 2004ರಲ್ಲಿ ಆರಂಭವಾದ ಓಪನ್‌ಎಂಆರ್‌ಎಸ್ ರೋಗಿಗಳ ವೈದ್ಯಕೀಯ ದಾಖಲೆಗೆ ಮೀಸಲಾದುದು. ಅದಕ್ಕೆ ಪ್ರಯೋಗಾಲಯ ಮತ್ತು ಬಿಲ್ಲಿಂಗ್ ವ್ಯವಸ್ಥೆಗಳನ್ನು ಜೋಡಿಸಿದ್ದು ಬಹ್ಮ್ನಿ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನು ಸಂಗ್ರಹಿಸಲು ಆರ್ಥಾಂಕ್ ಇದೆ. ಯಾವುದನ್ನೇ ಆರಿಸಿದರೂ ಇತ್ತೀಚೆಗೆ ಹೊಸ ಆವೃತ್ತಿ ಬಂದಿದೆಯೇ, ಚಿತ್ರಗಳಿಗೆ ಡೈಕಾಮ್, ಮಾಹಿತಿ ವಿನಿಮಯಕ್ಕೆ ಎಫ್‌ಎಚ್‌ಐಆರ್ ಮಾನದಂಡಗಳಿಗೆ ಬೆಂಬಲವಿದೆಯೇ ಎಂದು ನೋಡಬೇಕು.

ಇಡೀ ಆಸ್ಪತ್ರೆಯಲ್ಲಿ ಒಂದೇ ದಿನ ಜಾರಿಗೊಳಿಸುವುದು ಬೇಡ. ಒಂದು ವಿಭಾಗದಲ್ಲಿ ಕೆಲವು ವಾರ ಹಳೆಯ ಪದ್ಧತಿಯನ್ನೂ ಹೊಸದನ್ನೂ ಜೊತೆಜೊತೆಯಾಗಿ ನಡೆಸಬೇಕು. ಆ ಅವಧಿಯಲ್ಲಿ ಕೆಲಸ ದುಪ್ಪಟ್ಟಾಗುವುದರಿಂದ ಹೆಚ್ಚುವರಿ ಸಿಬ್ಬಂದಿಯನ್ನು ಒದಗಿಸುವುದು ಆಡಳಿತದ ಹೊಣೆ.

ಅತ್ಯಂತ ಕಠಿಣವಾದುದು ಹಳೆಯ ದಾಖಲೆಗಳ ವರ್ಗಾವಣೆ. ಒಬ್ಬರೇ ರೋಗಿ ಎರಡು ಸಂಖ್ಯೆಗಳಲ್ಲಿ ನೋಂದಾಯಿತರಾಗಿರುತ್ತಾರೆ, ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ಹುಟ್ಟಿದ ದಿನಾಂಕದ ಜಾಗದಲ್ಲಿ ಅಂದಾಜು ವಯಸ್ಸು ಇರುತ್ತದೆ. ಇಂತಹ ದಾಖಲೆಗಳನ್ನು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಔಷಧಗಳ ಅಲರ್ಜಿ, ರಕ್ತದ ಗುಂಪು ಮತ್ತು ಸದ್ಯ ಸೇವಿಸುತ್ತಿರುವ ಮಾತ್ರೆಗಳ ಪ್ರಮಾಣ, ಈ ಮೂರನ್ನಾದರೂ ಮೂಲ ಕಡತದೊಂದಿಗೆ ವ್ಯಕ್ತಿಯೊಬ್ಬರು ಹೋಲಿಸಿ ನೋಡಲೇಬೇಕು. ಇಲ್ಲಿ ಉಳಿಸಿದ ಸಮಯಕ್ಕೆ ರೋಗಿಯೇ ಬೆಲೆ ತೆರಬೇಕಾದೀತು.

ಭದ್ರತೆಯ ವಿಷಯದಲ್ಲಿ, ಅಳವಡಿಸಿದ ದಿನವೇ ತಂತ್ರಾಂಶದೊಂದಿಗೆ ಬಂದಿರುವ ಗುಪ್ತಪದಗಳನ್ನು ಬದಲಿಸಿ, ಹುದ್ದೆಗೆ ತಕ್ಕಷ್ಟೇ ಪ್ರವೇಶಾಧಿಕಾರ ನೀಡಬೇಕು. ಮುಕ್ತ ತಂತ್ರಾಂಶದ ದೋಷ ಸರಿಯಾದಾಗ ಆ ತಿದ್ದುಪಡಿ ಎಲ್ಲರಿಗೂ ಕಾಣುವುದರಿಂದ, ದೋಷ ಯಾವುದೆಂಬುದು ದಾಳಿಕೋರರಿಗೂ ತಿಳಿಯುತ್ತದೆ. ಆದ್ದರಿಂದ ಪರಿಷ್ಕೃತ ಆವೃತ್ತಿಯನ್ನು ಹಾಕಿಕೊಳ್ಳಲು ತಡಮಾಡಬಾರದು. ಬ್ಯಾಕಪ್ ಇಟ್ಟುಕೊಂಡರೆ ಸಾಲದು, ಅದರಿಂದ ದಾಖಲೆಗಳು ಮರಳಿ ಬರುತ್ತವೆಯೇ ಎಂದು ಬೇರೊಂದು ಯಂತ್ರದಲ್ಲಿ ಆಗಾಗ ಪರೀಕ್ಷಿಸಬೇಕು. ವಿದ್ಯುತ್ ಅಥವಾ ಜಾಲ ಕೈಕೊಟ್ಟಾಗ ಬಳಸಲು ಮುದ್ರಿತ ನಮೂನೆಗಳು ಪ್ರತಿ ವಾರ್ಡಿನಲ್ಲೂ ಇರಲಿ.

ಕೊನೆಯದಾಗಿ, ನಿರ್ವಹಣೆಗೆ ಹೆಸರು ಗೊತ್ತಿರುವ ಒಬ್ಬ ಹೊಣೆಗಾರರಿರಬೇಕು, ಅವರು ಆಸ್ಪತ್ರೆಯ ನೌಕರರಾಗಿರಲಿ, ಗುತ್ತಿಗೆ ಸಂಸ್ಥೆಯವರಾಗಿರಲಿ. ತಂತ್ರಾಂಶದಲ್ಲಿ ಮಾಡಿಕೊಂಡ ಬದಲಾವಣೆಗಳನ್ನು ಅದನ್ನು ರೂಪಿಸುವ ಮೂಲ ತಂಡಕ್ಕೂ ಕಳುಹಿಸುವುದು ಒಳ್ಳೆಯದು; ಅಲ್ಲಿ ಅವು ಸೇರ್ಪಡೆಯಾಗದಿದ್ದರೆ ಪ್ರತಿ ಹೊಸ ಆವೃತ್ತಿ ಬಂದಾಗಲೂ ಅದೇ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.