ಒಂದೇ ಕಡೆ ಶ್ವಾಸಕೋಶಕ್ಕೆ ನೀರು: ಕಾರಣ ಸಿಗದಿದ್ದಾಗ ಏನು ಕೇಳಬೇಕು?

ಎಕ್ಸ್‌ರೇ ನೋಡಿ ಡಾಕ್ಟರು "ಲಂಗ್ಸ್‌ಗೆ ನೀರು ತುಂಬಿದೆ" ಅಂದಾಗ, ಆ ನೀರು ಸಾಮಾನ್ಯವಾಗಿ ಶ್ವಾಸಕೋಶದ ಒಳಗಿರುವುದಿಲ್ಲ, ಅದರ ಹೊರಗಿನ ಎರಡು ತೆಳು ಪದರಗಳ ನಡುವೆ ಇರುತ್ತದೆ. ನಮ್ಮಲ್ಲಿ ಮೊದಲು ಟಿಬಿ, ನ್ಯುಮೋನಿಯಾ, ಕ್ಯಾನ್ಸರ್ ನೋಡುತ್ತಾರೆ. ಅದು ಸರಿಯೇ. ಇವು ಯಾವುದೂ ಹೊಂದದಿದ್ದರೆ ಮಾತ್ರ ಮುಂದಿನ ಪ್ರಶ್ನೆಗಳು. ಒಂದು ಮಾತು: ಆ ನೀರಿನಲ್ಲಿ ಟಿಬಿ ಸುಳಿವಿಗೆ ನೋಡುವ ಎಡಿಎ ಎಂಬ ಪರೀಕ್ಷೆ 40 ದಾಟಿದ ಕೂಡಲೇ ಟಿಬಿ ಅಂತ ತೀರ್ಮಾನವಲ್ಲ. ರುಮಟಾಯ್ಡ್ ಕೀಲುವಾತ, ಕೀವು, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಇದ್ದಾಗಲೂ ಅದು ಏರುತ್ತದೆ. ಹಾಗಂತ ಶುರುವಾದ ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಸೂಜಿಯಲ್ಲಿ ತೆಗೆದ ನೀರು ಯಾವ ಬಣ್ಣ ಇತ್ತು ಅಂತ ಕೇಳಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಅದರಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಎಷ್ಟಿದೆ ನೋಡಬೇಕು. ಡೆಸಿಲೀಟರ್‌ಗೆ 110 ಮಿಲಿಗ್ರಾಂ ದಾಟಿದ್ದರೆ ಊಟದ ಕೊಬ್ಬು ಸಾಗಿಸುವ ನಾಳ ಎದೆಯೊಳಗೆ ಸೋರುತ್ತಿರಬಹುದು. ಮೂತ್ರದ ವಾಸನೆ ಇದ್ದು, ಕಿಡ್ನಿ ಕಲ್ಲಿನಿಂದ ಮೂತ್ರ ಕಟ್ಟಿಕೊಂಡಿದ್ದರೆ ನೀರಿನ ಕ್ರಿಯಾಟಿನಿನ್ ನೋಡಲು ಹೇಳಿ. ರಕ್ತದಲ್ಲಿರುವುದಕ್ಕಿಂತ ಜಾಸ್ತಿ ಇದ್ದರೆ ಮೂತ್ರವೇ ಮೇಲೇರಿರಬಹುದು, ವಿಚಿತ್ರ ಅಲ್ವಾ?

ಯಾವ ಕಡೆ ಅನ್ನುವುದೂ ಸುಳಿವು. ಎಡಗಡೆ ನೀರು, ಜೊತೆಗೆ ಕುಡಿತದ ಚಟ, ಆಗಾಗ ಮೇಲ್ಹೊಟ್ಟೆ ನೋವು ಇದ್ದರೆ ಪ್ಯಾಂಕ್ರಿಯಾಸ್ ಮೇಲೆ ಅನುಮಾನ. ಆ ನೀರಿನಲ್ಲಿ ಅಮೈಲೇಸ್ ಎಂಬ ಜೀರ್ಣರಸದ ಪರೀಕ್ಷೆ ಕೇಳಿ. ಬಲಗಡೆಯಾದರೆ ಲಿವರ್. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇದ್ದವರಲ್ಲಿ ಹೊಟ್ಟೆಯ ನೀರು ಎದೆ-ಹೊಟ್ಟೆ ನಡುವಿನ ಪರದೆಯ ಸಣ್ಣ ತೂತುಗಳಿಂದ ಮೇಲೇರುತ್ತದೆ, ಹೊಟ್ಟೆ ಉಬ್ಬದೆ ಇದ್ದರೂ. ಇವರಿಗೆ ಎದೆಗೆ ಟ್ಯೂಬ್ ಹಾಕಿ ಬಿಡುವುದರಿಂದ ತೊಂದರೆಯೇ ಹೆಚ್ಚು.

ಹೆಣ್ಣುಮಕ್ಕಳಿಗೆ ಹೊಟ್ಟೆಯ ಸ್ಕ್ಯಾನ್ ಮರೆಯಬೇಡಿ. ಅಂಡಾಶಯದಲ್ಲಿ ಕ್ಯಾನ್ಸರ್ ಅಲ್ಲದ ಒಂದು ಗಡ್ಡೆ ಇದ್ದಾಗಲೂ ಹೊಟ್ಟೆಗೂ ಎದೆಗೂ, ಹೆಚ್ಚಾಗಿ ಬಲಗಡೆಗೆ, ನೀರು ಬರುತ್ತದೆ. ಇದನ್ನು ಮೀಗ್ಸ್ ಸಿಂಡ್ರೋಮ್ ಅನ್ನುತ್ತಾರೆ. ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ನೋಡುವ ಸಿಎ-125 ರಕ್ತಪರೀಕ್ಷೆಯೂ ಕೆಲವೊಮ್ಮೆ ಏರಿರುವುದರಿಂದ ಮನೆಯವರೆಲ್ಲ ಹೆದರಿಬಿಡುತ್ತಾರೆ, ಆದರೆ ಗಡ್ಡೆ ತೆಗೆದರೆ ನೀರೂ ಹೋಗುತ್ತದೆ.

ಮಾತ್ರೆಗಳ ಪಟ್ಟಿ ಪೂರ್ತಿ ತೋರಿಸಿ. ರಕ್ತದ ಕ್ಯಾನ್ಸರ್‌ಗೆ ಕೊಡುವ ಡಾಸಾಟಿನಿಬ್ ನೀರು ತುಂಬಿಸುವುದು ಗೊತ್ತಿರುವ ವಿಷಯ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಅದನ್ನೂ ಹೇಳಿ.

ಇನ್ನು ನೀರು ತೆಗೆಸುವಾಗ ಎದೆ ಬಿಗಿದರೆ, ಕೆಮ್ಮು ನಿಲ್ಲದೆ ಬಂದರೆ ಸುಮ್ನೆ ತಡೆದುಕೊಳ್ಳದೆ ಆಗಲೇ ಹೇಳಿ. ಜಾಸ್ತಿ ನೀರನ್ನು ಬೇಗ ಬೇಗ ಎಳೆದರೆ, ಕುಗ್ಗಿದ್ದ ಶ್ವಾಸಕೋಶ ಒಮ್ಮೆಲೇ ಹಿಗ್ಗಿ, ಅಪರೂಪಕ್ಕೆ ಈ ಸಲ ನಿಜವಾಗಿಯೂ ಅದರ ಒಳಗೇ ನೀರು ತುಂಬಬಹುದು.