ಕಾರ್ಟೂನ್ ಪಾತ್ರಕ್ಕೆ ಕಂಠದಾನ: ಮಲೆನಾಡಿನಲ್ಲೇ ತಯಾರಿ ಹೇಗೆ?

ಹೊಸದಾಗಿ ತಯಾರಾಗುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಮಾತು ಮೊದಲು ಧ್ವನಿಮುದ್ರಣಗೊಳ್ಳುತ್ತದೆ. ಪಾತ್ರದ ತುಟಿಯನ್ನು ಚಿತ್ರಕಾರರು ಆ ಮಾತಿಗೆ ತಕ್ಕಂತೆ ಆಮೇಲೆ ಆಡಿಸುತ್ತಾರೆ. ಬೇರೆ ಭಾಷೆಯಿಂದ ಕನ್ನಡಕ್ಕೆ ಬರುವ ಕಾರ್ಟೂನಿನಲ್ಲಿ ಇದು ತಿರುವುಮುರುವು: ತುಟಿ ಆಗಲೇ ಆಡಿ ಮುಗಿಸಿರುತ್ತದೆ, ಮಾತು ಅದಕ್ಕೆ ಹೊಂದಿಕೊಳ್ಳಬೇಕು. ಕನ್ನಡದಲ್ಲಿ ಹೊಸಬರ ಪಾಲಿಗೆ ಹೆಚ್ಚಾಗಿ ಸಿಗುವುದು ಈ ಡಬ್ಬಿಂಗ್ ಕೆಲಸವೇ ಆದ್ದರಿಂದ ತಯಾರಿಯೂ ಅದಕ್ಕೆ ತಕ್ಕಂತೆ ಇರಬೇಕು.

ಮೊದಲು ನಟನೆ. ಮಿಮಿಕ್ರಿ ಬಲ್ಲವರಿಗೆ ಈ ಕೆಲಸ ಸಲೀಸು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಹತ್ತು ದನಿ ತೆಗೆಯುವುದಕ್ಕಿಂತ, ಒಂದೇ ದನಿಯನ್ನು ಅಳು, ನಗು, ಸಿಟ್ಟುಗಳಲ್ಲಿಯೂ ಜಾರದಂತೆ ಇಡೀ ಸಂಚಿಕೆಯುದ್ದಕ್ಕೂ ಹಿಡಿದಿಡುವುದು ಕಷ್ಟ. ಇದನ್ನು ಕಲಿಯಲು ತಾಳಮದ್ದಲೆ ಕೂಟ ಒಳ್ಳೆಯ ಜಾಗ: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೌರವನ ಹಟವನ್ನಾಗಲಿ ಕೃಷ್ಣನ ನಯವನ್ನಾಗಲಿ ಅರ್ಥಧಾರಿ (ಪಾತ್ರದ ಮಾತಾಡುವ ಕಲಾವಿದ) ಕುಳಿತಲ್ಲಿಂದಲೇ ಬರೀ ಮಾತಿನಲ್ಲಿ ಕಟ್ಟಿಕೊಡಬೇಕು. ಆದರೆ ಸಭೆಯ ಕೊನೆಯ ಸಾಲಿಗೆ ಮುಟ್ಟಿಸುವ ಎತ್ತರದ ದನಿ ಸ್ಟುಡಿಯೊ ಮೈಕಿಗೆ ಒಗ್ಗುವುದಿಲ್ಲ. ಆ ಹದಕ್ಕೆ ರೇಡಿಯೊ ನಾಟಕವೇ ಸರಿ. ಭದ್ರಾವತಿ ಆಕಾಶವಾಣಿಯಿಂದ ನಾಟಕ ಕಲಾವಿದರ ಧ್ವನಿ ಪರೀಕ್ಷೆಯ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ರಂಗಭೂಮಿಯನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ.

ಆಮೇಲೆ ತುಟಿಯ ಲೆಕ್ಕ. ಅರ್ಧ ನಿಮಿಷದ ಒಂದು ದೃಶ್ಯವನ್ನು ಸದ್ದಿಲ್ಲದೆ ಮತ್ತೆ ಮತ್ತೆ ನೋಡಿ, ತುಟಿ ಎಲ್ಲೆಲ್ಲಿ ಮುಚ್ಚುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಅಲ್ಲಿ ಪ, ಬ, ಮ ಬರಬೇಕು. ಎರಡನೆಯ ಪದದ ಆರಂಭಕ್ಕೆ ತುಟಿ ಮುಚ್ಚಿದರೆ ‘ನಾನು ಬರಲ್ಲ’ ಎಂಬ ಮಾತು ಕೂರುತ್ತದೆ, ‘ನಾನು ಹೋಗಲ್ಲ’ ಕೂರುವುದಿಲ್ಲ. ಸಂಭಾಷಣೆಕಾರರು ಇದನ್ನು ಗಮನಿಸಿಯೇ ಬರೆದಿರುತ್ತಾರೆ. ಆದರೂ ಮೈಕಿನ ಮುಂದೆ ಮಾತು ಸಿಕ್ಕಿಹಾಕಿಕೊಂಡಾಗ ಅರ್ಥ ಕೆಡದಂತೆ ಬದಲಿ ಪದ ಸೂಚಿಸಬಲ್ಲ ಕಲಾವಿದರನ್ನು ಸ್ಟುಡಿಯೊದವರು ಮತ್ತೆ ಕರೆಯುತ್ತಾರೆ. ಉಸಿರು ಎಳೆಯುವ ಜಾಗಕ್ಕೂ ಒಂದು ಗೆರೆ ಹಾಕಿ. ಏದುಸಿರು, ಬಿದ್ದಾಗಿನ ನರಳಾಟ, ಬಾಯಲ್ಲಿ ತಿಂಡಿ ಇಟ್ಟುಕೊಂಡ ಮಾತು ಇವೆಲ್ಲವನ್ನೂ ಅಭ್ಯಾಸ ಮಾಡಬೇಕು. ಕಿರುಚುವ ಟೇಕ್‌ಗಳನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳುವುದು ವಾಡಿಕೆ, ಇಲ್ಲವಾದರೆ ಗಂಟಲು ನಡುವೆಯೇ ಕೈಕೊಡುತ್ತದೆ.

ಮನೆಯಲ್ಲಿ ಮುದ್ರಿಸುವುದಾದರೆ, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. 48 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಫೈಲ್ ಸಾಕು. ನಮ್ಮ ಕಡೆಯ ನಿಜವಾದ ತೊಂದರೆ ಮಳೆ ಮತ್ತು ಜೀರುಂಡೆ. ಶೀಟಿನ ಮಾಡಿನ ಕೆಳಗೆ ಆಷಾಢದಲ್ಲಿ ಮುದ್ರಣದ ಆಸೆಯನ್ನೇ ಬಿಡಬೇಕು. ಹೊರಗೋಡೆಯಿಲ್ಲದ ನಡುಕೋಣೆಯಲ್ಲಿ ಕಂಬಳಿ, ಹಾಸಿಗೆಗಳನ್ನು ಸುತ್ತ ಕಟ್ಟಿ, ಹತ್ತು ಸೆಕೆಂಡು ಸುಮ್ಮನೆ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿದರೆ ಜಾಗದ ಗುಣ ತಿಳಿಯುತ್ತದೆ.

ಸ್ಟುಡಿಯೊಗೆ ಕಳಿಸುವ ದನಿಯ ಮಾದರಿ, ಅಂದರೆ ಡೆಮೊ, ಒಂದೂವರೆ ನಿಮಿಷ ಮೀರದಿರಲಿ. ನಿಮ್ಮ ಸಹಜ ದನಿಯೇ ಮೊದಲು ಬರಲಿ. ಹುಡುಗರ ಪಾತ್ರಗಳಿಗೆ ಮಹಿಳೆಯರ ಕಂಠಕ್ಕೆ ಬೇಡಿಕೆ ಇದೆ. ಅಮೆರಿಕದ ‘ದ ಸಿಂಪ್ಸನ್ಸ್’ ಸರಣಿಯ ಬಾರ್ಟ್‌ಗೆ ದನಿ ಕೊಡುತ್ತಿರುವುದೂ ನ್ಯಾನ್ಸಿ ಕಾರ್ಟ್‌ರೈಟ್ ಎಂಬ ಮಹಿಳೆ. ಸ್ಟುಡಿಯೊಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಕನ್ನಡ ಚಿತ್ರರಂಗದಲ್ಲಿದ್ದ ಡಬ್ಬಿಂಗ್ ವಿರೋಧದ ಕುರಿತು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ನೀಡಿದ ಆದೇಶದ ನಂತರದ ವರ್ಷಗಳಲ್ಲಿ ಅಲ್ಲಿ ಸಿನಿಮಾ, ಧಾರಾವಾಹಿಗಳ ಡಬ್ಬಿಂಗ್ ಕೆಲಸವೂ ಹೆಚ್ಚಿದೆ. ಕಾರ್ಟೂನೊಂದನ್ನೇ ನಂಬಿ ಕೂರದೆ ಜಾಹೀರಾತು, ಆಡಿಯೊ ಪುಸ್ತಕಗಳನ್ನೂ ಒಪ್ಪಿಕೊಳ್ಳಿ. ಸಂಭಾವನೆ ಸಂಚಿಕೆಗೋ ಗಂಟೆಗೋ ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ನಿಮ್ಮ ದನಿಯನ್ನು ಕೃತಕ ಬುದ್ಧಿಮತ್ತೆಯ ನಕಲಿಗೆ ಬಳಸುವ ಷರತ್ತು ಒಪ್ಪಂದದಲ್ಲಿದ್ದರೆ, ಅದಕ್ಕೆ ಬೇರೆ ದರ ನಿಗದಿಯಾಗದೆ ಸಹಿ ಹಾಕಬೇಡಿ.