ದುಬೈನಲ್ಲಿ ಅಂಗಡಿ ಹಾಕಿ ಜನ ಇಟ್ಟುಕೊಳ್ಳುವವರಿಗೆ

ಭಟ್ಕಳ, ಹೊನ್ನಾವರ ಕಡೆಯವರು ದುಬೈನಲ್ಲಿ ಅಂಗಡಿ ಹಾಕುವುದು ಹೊಸದೇನಲ್ಲ. ಲೈಸೆನ್ಸ್, ಬಾಡಿಗೆ ಬಗ್ಗೆ ಎಲ್ಲರೂ ಚೆನ್ನಾಗಿ ವಿಚಾರಿಸುತ್ತಾರೆ. ಕೆಲಸದವರ ಕಾನೂನು ಮಾತ್ರ ಆಮೇಲೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ. ಊರಿನ ಹುಡುಗನೇ ಅಲ್ವಾ, ಬಾಯಿಮಾತು ಸಾಕು ಅನ್ನುವುದು ಅಲ್ಲಿ ನಡೆಯುವುದಿಲ್ಲ.

ವರ್ಕ್ ಪರ್ಮಿಟ್ ಬರುವ ಮುಂಚೆ, ವಿಸಿಟ್ ವೀಸಾದಲ್ಲಿ ಬಂದವನನ್ನು ಗಲ್ಲಾಪೆಟ್ಟಿಗೆ ಹತ್ತಿರ ಕೂರಿಸಲೇಬೇಡಿ. ಕಾರ್ಮಿಕ ಕಾನೂನಿನ 2024ರ ತಿದ್ದುಪಡಿ ನಂತರ ದಂಡ ಶುರುವಾಗುವುದೇ 1 ಲಕ್ಷ ದಿರ್ಹಮಿನಿಂದ. ವೀಸಾ, ಪರ್ಮಿಟ್ ಖರ್ಚು ಮಾಲೀಕರದ್ದೇ, ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ಇಸಿದುಕೊಂಡು ನಿಮ್ಮ ಡ್ರಾಯರಿನಲ್ಲಿ ಇಡುವುದೂ ತಪ್ಪು. ಭದ್ರವಾಗಿರಲಿ ಅಂತ ಇಟ್ಟೆ ಅಂದರೆ ಯಾರೂ ಕೇಳುವುದಿಲ್ಲ.

ಜಾಸ್ತಿ ಜನ ಎಡವುವುದು ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಟ್ಟು ಹೋಗುವಾಗ ಕೊಡಬೇಕಾದ ಹಣದಲ್ಲಿ. ಒಂದು ವರ್ಷ ಮುಗಿಸಿದವರಿಗೆಲ್ಲ ಇದು ಸಿಗಬೇಕು. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಮೂಲ ಸಂಬಳ. ಆಮೇಲೆ 30 ದಿನದ್ದು. ಮೂಲ ಸಂಬಳ 3000 ದಿರ್ಹಮ್ ಇದ್ದರೆ ದಿನಕ್ಕೆ 100, ವರ್ಷಕ್ಕೆ 2100. ನಾಲ್ಕು ವರ್ಷ ದುಡಿದವನು ಹೊರಟರೆ 8400 ದಿರ್ಹಮ್. ಲೆಕ್ಕ ಚುಕ್ತಾ ಮಾಡಲು ಇರುವುದು 14 ದಿನ ಮಾತ್ರ. ಹಾಗಾಗಿ ತಿಂಗಳು ತಿಂಗಳು ಸ್ವಲ್ಪ ತೆಗೆದಿಡಿ, ಒಂದೇ ಸಲ ಹೊಂದಿಸುವುದು ಸುಮ್ನೆ ಮಾತಲ್ಲ.

ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿಲ್ಲ. ವರ್ಷ ಆದಮೇಲೆ 30 ದಿನ ಸಂಬಳದ ರಜೆ. ರಂಜಾನ್‌ನಲ್ಲಿ ದಿನಕ್ಕೆ 2 ಗಂಟೆ ಕೆಲಸ ಕಡಿಮೆ, ಅದು ಎಲ್ಲ ಧರ್ಮದವರಿಗೂ.

ದುಬೈನ ಹಣಕಾಸು ವಲಯವಾದ ಡಿಐಎಫ್‌ಸಿ ಒಳಗೆ ಆಫೀಸ್ ಮಾಡುವವರಿದ್ದರೆ ಅಲ್ಲಿನ ಕಾನೂನೇ ಬೇರೆ, ಅದನ್ನು ಪ್ರತ್ಯೇಕ ಓದಿಕೊಳ್ಳಿ.